ಸೊಂಟ ನೋವು: ಮಲೆನಾಡಿನವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು

ಶಿವಮೊಗ್ಗದಲ್ಲಿ ಫಿಸಿಯೋಥೆರಪಿ ಕೆಲಸ ಮಾಡುತ್ತೇನೆ. ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ಕ್ಲಿನಿಕ್ಕಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ವಾಟ್ಸಾಪಿನಲ್ಲಿ ಜನ ನನ್ನನ್ನು ಕೇಳುವುದು ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು. ಅವರವರ ಮಾತಿನಲ್ಲೇ ಇಟ್ಟಿದ್ದೇನೆ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನಿಸಿದ್ದು ಒಂದೇ. ಸೊಂಟ ನೋವಿನವರಿಗೆ ನಮ್ಮ ಕಡೆ ಬೇಡದ್ದು ಬೇಗ ಸಿಗುತ್ತದೆ, ಬೇಕಾದ್ದು ತಡವಾಗಿ ಸಿಗುತ್ತದೆ.

## ಮೊದಲ ಎರಡು ವಾರ

ನಿನ್ನೆ ಗೊಬ್ಬರದ ಬುಟ್ಟಿ ಎತ್ತುವಾಗ ಸೊಂಟ ಹಿಡ್ಕಂಡ್ತು. ನೆಟ್ಟಗೆ ನಿಲ್ಲೋಕೂ ಆಗ್ತಿಲ್ಲ. ಒಳಗೆ ಏನೋ ಮುರಿದಿರಬಹುದಾ?

ಮುರಿದಿರುವ ಸಾಧ್ಯತೆ ತೀರಾ ಕಡಿಮೆ. ನೋವು ಎಷ್ಟು ಜೋರಿದೆ ಅನ್ನುವುದರಿಂದ ಒಳಗೆ ಎಷ್ಟು ಪೆಟ್ಟಾಗಿದೆ ಅಂತ ಅಳೆಯಲು ಬರುವುದಿಲ್ಲ. ನೂರು ಜನ ಸೊಂಟ ನೋವಿನವರಲ್ಲಿ ಸುಮಾರು 90 ಮಂದಿಗೆ ಇಂಥದ್ದೇ ಕಾರಣ ಅಂತ ಬೆರಳಿಟ್ಟು ತೋರಿಸುವುದಕ್ಕೇ ಆಗುವುದಿಲ್ಲ. ಸ್ನಾಯುವೋ ಕೀಲೋ ಎಲುಬುಗಳ ನಡುವಿನ ಮೆತ್ತೆಯಂಥ ಡಿಸ್ಕ್ ಅನ್ನುವುದೋ, ಯಾವುದೋ ಒಂದು ಕೆರಳಿರುತ್ತದೆ. ಅದನ್ನು ಕಾಯಲು ಸುತ್ತಲಿನ ಸ್ನಾಯುಗಳೆಲ್ಲ ಬಿಗಿ ಹಿಡಿಯುತ್ತವೆ. ಆ ಬಿಗಿತಕ್ಕೇ ನೀವು ನೆಟ್ಟಗೆ ನಿಲ್ಲಲು ಆಗದಿರುವುದು. ಮೊದಲ ಮೂರು ನಾಲ್ಕು ದಿನ ಕಷ್ಟ. ಹೆಚ್ಚಿನವರಿಗೆ ಎರಡರಿಂದ ಆರು ವಾರದಲ್ಲಿ ತುಂಬಾ ಕಡಿಮೆ ಆಗಿರುತ್ತದೆ.

ಎಷ್ಟು ದಿನ ಮಲಗಿರಬೇಕು? ನಮ್ಮ ಮಾವ ಒಂದು ತಿಂಗಳು ಹಲಗೆ ಮೇಲೆ ಮಲಗಿದ್ರಂತೆ.

ಆ ಕಾಲದಲ್ಲಿ ಹಾಗೇ ಹೇಳುತ್ತಿದ್ದರು. 1986ರಲ್ಲಿ ಅಮೆರಿಕದ ವೈದ್ಯರು ಕೆಲವು ರೋಗಿಗಳಿಗೆ ಎರಡು ದಿನ, ಇನ್ನು ಕೆಲವರಿಗೆ ಏಳು ದಿನ ಮಲಗಲು ಹೇಳಿ ನೋಡಿದರು. ಏಳು ದಿನದವರಿಗೆ ಲಾಭ ಏನೂ ಸಿಗಲಿಲ್ಲ. ಎರಡು ದಿನದವರು ಬೇಗ ಕೆಲಸಕ್ಕೆ ಹೋದರು. ಅದು ಪ್ರಕಟವಾಗಿ ಸುಮಾರು 40 ವರ್ಷ ಆಯಿತು, ಹಲಗೆ ಮಾತ್ರ ಇನ್ನೂ ನಮ್ಮ ಮನೆಗಳಿಂದ ಹೋಗಿಲ್ಲ! ತೀರಾ ಆಗದಿದ್ದರೆ ಒಂದು ದಿನ ಮಲಗಿ. ಆಮೇಲೆ ಗಂಟೆಗೊಂದು ಸಲ ಎದ್ದು ಜಗಲಿ ತನಕವಾದರೂ ಹೋಗಿ ಬನ್ನಿ. ನೋವು ಪೂರ್ತಿ ಹೋಗಲಿ, ಆಮೇಲೆ ಏಳುತ್ತೇನೆ ಅಂದರೆ ಏಳುವುದೇ ತಡವಾಗುತ್ತದೆ.

ಬಿಸಿ ಇಡೋದಾ, ಐಸ್ ಇಡೋದಾ?

ಬಿಸಿ. ಬಚ್ಚಲ ಹಂಡೆಯಲ್ಲಿ ನೀರು ಕಾಯುತ್ತಲೇ ಇರುತ್ತದಲ್ಲ, ಅದೇ ಸಾಕು. ಚರ್ಮ ಸುಟ್ಟುಕೊಳ್ಳಬೇಡಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರು.

ಉಳುಕು ತೆಗೆಯೋರ ಹತ್ರ ಹೋಗಬಹುದಾ? ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸ್ಕೊಂಡ್ರೆ ಹೋಗುತ್ತೆ ಅಂತಾರಲ್ಲ?

ಎಣ್ಣೆ ಹಚ್ಚಿ ಹಗುರವಾಗಿ ನೀವಿಸಿಕೊಂಡರೆ ಹಿತ ಅನಿಸುತ್ತದೆ, ಬೇಡ ಅನ್ನಲಾರೆ. ಒದೆಸಿಕೊಂಡು ಗುಣವಾದವರ ಕಥೆ ನಾನೂ ಬೇಕಾದಷ್ಟು ಕೇಳಿದ್ದೇನೆ. ಆ ಹೊತ್ತಿಗೆ ನೋವು ಬಂದು ಐದಾರು ದಿನ ಆಗಿರುತ್ತದೆ, ತಾನಾಗಿಯೇ ಇಳಿಯುವ ಸಮಯ ಅದು. ಹೆಸರು ಒದ್ದವರಿಗೆ ಹೋಗುತ್ತದೆ. ನಮ್ಮ ಅಜ್ಜಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ. ವಯಸ್ಸಾದವರಿಗೆ, ಬಿದ್ದು ಪೆಟ್ಟಾದವರಿಗೆ, ಕಾಲು ಜೋಮು ಹಿಡಿದಿರುವವರಿಗೆ ಮಾತ್ರ ಇದನ್ನು ಮಾಡಿಸಲೇಬೇಡಿ. ಟೊಳ್ಳಾದ ಮೂಳೆ ಒಂದು ಒದೆತಕ್ಕೆ ಕುಸಿಯಬಹುದು.

ಯಾವಾಗ ಹೆದರಬೇಕು? ಎಲ್ಲದಕ್ಕೂ "ಏನಾಗಲ್ಲ" ಅಂತೀರಿ.

ಇದೊಂದು ಉತ್ತರ ಮಾತ್ರ ದಯವಿಟ್ಟು ಪೂರ್ತಿ ಓದಿ.

ಸೊಂಟ ನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ, ಅಥವಾ ಗೊತ್ತಾಗದೆ ಹೋಗುತ್ತಿದ್ದರೆ, ಮಲದ ಹಿಡಿತ ತಪ್ಪಿದರೆ, ಸೈಕಲ್ ಸೀಟು ತಾಗುವ ಜಾಗದಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಎರಡೂ ಕಾಲು ಸೋತರೆ, ಬೆಳಗಾಗಲಿ ಅಂತ ಕಾಯಬೇಡಿ. ಬೆನ್ನುಹುರಿಯ ಕೆಳಗೆ ಕುದುರೆ ಬಾಲದ ಹಾಗೆ ನರಗಳ ಗೊಂಚಲು ಇದೆ. ಅದು ಪೂರ್ತಿ ಒತ್ತಿಹೋದಾಗ ಹೀಗಾಗುತ್ತದೆ. ಆಪರೇಷನ್ ತಡವಾದಷ್ಟೂ ಮೂತ್ರದ ಹಿಡಿತ ವಾಪಸ್ ಬರುವ ಸಾಧ್ಯತೆ ಕಡಿಮೆ. ಹೊಸನಗರದ ಒಳಗಿನ ಊರಿನಿಂದ ಮಳೆಗಾಲದ ರಾತ್ರಿ ಶಿವಮೊಗ್ಗ ತಲುಪಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಆ ಹೊತ್ತನ್ನೂ ಲೆಕ್ಕಕ್ಕೆ ಸೇರಿಸಿಕೊಂಡು 108ಕ್ಕೆ ಫೋನ್ ಮಾಡಿ. ಎಷ್ಟೋ ಹೆಂಗಸರು ನಾಚಿಕೆಗೆ ಈ ಲಕ್ಷಣ ಹೇಳುವುದೇ ಇಲ್ಲ. ಮನೆಯವರೇ ಕೇಳಬೇಕು.

ಇನ್ನು ಕೆಲವು ಅಷ್ಟು ಅವಸರದವಲ್ಲ, ಆದರೆ ಬಿಡುವ ಹಾಗೂ ಇಲ್ಲ. ಬಚ್ಚಲಲ್ಲಿ ಜಾರಿ ಕೂತ ಅಜ್ಜಿಗೆ ಮರುದಿನದಿಂದ ನಡುಬೆನ್ನು ನೋವು ಬಂದರೆ ಮೂಳೆ ಕುಸಿದಿದೆಯಾ ಅಂತ ನೋಡಿಸಬೇಕು. ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ತಿಂದವರಿಗೂ ಅಷ್ಟೇ. ಹಿಂದೆ ಕ್ಯಾನ್ಸರ್ ಆಗಿದ್ದವರಿಗೆ ಹೊಸದಾಗಿ ಸೊಂಟ ನೋವು ಶುರುವಾದರೆ ತಡ ಮಾಡಬಾರದು. ಸಂಜೆ ಹೊತ್ತು ಸಣ್ಣ ಜ್ವರ, ತೂಕ ಇಳಿಯುವುದು, ಮಲಗಿದರೂ ಕಡಿಮೆ ಆಗದ ನೋವು, ಇವು ಸೇರಿದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಟಿಬಿ ಅಂದರೆ ಕೆಮ್ಮು ಅಂತಲೇ ಜನ ತಿಳಿದಿದ್ದಾರೆ, ಬೆನ್ನಿಗೂ ಬರುತ್ತದೆ. ಕೊಟ್ಟಿಗೆ ಕೆಲಸ ಮಾಡುವವರು, ಕಂದು ಹಾಕಿದ ದನದ ಬಾಣಂತನ ಮಾಡಿದವರು, ಕಾಯಿಸದ ಹಾಲು ಕುಡಿಯುವವರು ಬ್ರುಸೆಲ್ಲೋಸಿಸ್ ಅನ್ನುವ, ದನದಿಂದ ಅಂಟುವ ಸೋಂಕಿನ ಹೆಸರನ್ನೂ ನೆನಪಿಡಿ. ಅದೂ ಬೆನ್ನುಮೂಳೆಗೆ ಇಳಿಯುತ್ತದೆ. ಡಾಕ್ಟರ್ ಕೇಳದಿದ್ದರೂ ದನ ಸಾಕಿದ್ದೇವೆ ಅಂತ ನೀವೇ ಹೇಳಿ.

ಜೋರು ಜ್ವರ ಬಂದು ಸೊಂಟ, ಮೈಕೈ ಎಲ್ಲ ನೋಯುತ್ತಿದ್ದರೆ ಅದು ಸೊಂಟದ ಕಾಯಿಲೆಯೇ ಅಲ್ಲ, ಜ್ವರದ ಕಾಯಿಲೆ. ಇಲಿ ಜ್ವರ, ಡೆಂಗಿ ಇರಬಹುದು. ಬೇಸಿಗೆಯಲ್ಲಿ ಕಾಡಿಗೆ ಹೋಗಿ ಬಂದಿದ್ದರೆ ಮಂಗನ ಕಾಯಿಲೆಯೂ ಇರಬಹುದು. 1957ರಲ್ಲಿ ಅದು ಮೊದಲು ಪತ್ತೆಯಾದದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಆಗ ನೋವಿನ ಸೂಜಿ ಚುಚ್ಚಿಸಿಕೊಂಡು ಮಲಗಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಡೆಂಗಿಯಲ್ಲಿ ಕೆಲವು ನೋವಿನ ಮಾತ್ರೆಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ನಾವು ಸಾಗರದ ಕಡೆಯವರು. ಸೊಂಟ ನೋವು ಅಂದ ಕೂಡ್ಲೇ ಹಂದಿಗೋಡು ಕಾಯಿಲೆ ಅಂತ ಹೆದರಿಸ್ತಾರೆ.

ಕನ್ನಡದಲ್ಲಿ ಬೆನ್ನಿನ ಕೆಳಭಾಗಕ್ಕೂ ಸೊಂಟ ಅಂತೀವಿ, ತೊಡೆ ಸೇರುವ ಕೀಲಿಗೂ ಸೊಂಟ ಅಂತೀವಿ. ಗೊಂದಲ ಹುಟ್ಟುವುದೇ ಅಲ್ಲಿ. ಹಂದಿಗೋಡು ಕಾಯಿಲೆ 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಆ ಊರಿನಲ್ಲಿ ಬೆಳಕಿಗೆ ಬಂತು. ಕೆಲವು ಕುಟುಂಬಗಳಲ್ಲಿ ವಂಶವಾಗಿ ಬರುತ್ತದೆ. ಮುಖ್ಯವಾಗಿ ತೊಡೆ ಸೇರುವ ಕೀಲು ಸವೆಯುತ್ತದೆ. ಮನೆತನದಲ್ಲಿ ಯಾರಿಗೂ ಇಲ್ಲದಿದ್ದರೆ ನಿಮಗೆ ಆ ಚಿಂತೆ ಬೇಡ. ಡಾಕ್ಟರ್ ಹತ್ತಿರ ಹೋದಾಗ ಸುಮ್ನೆ "ಸೊಂಟ" ಅನ್ನಬೇಡಿ, ನೋಯುವ ಜಾಗವನ್ನು ಬೆರಳಿಟ್ಟು ತೋರಿಸಿ.

## ಡಾಕ್ಟರ್ ಮುಂದೆ ಕೂತಾಗ

ಎರಡು ನಿಮಿಷ ಮಾತಾಡಿಸಿ ಚೀಟಿ ಬರೆದ್ರು, ಮುಟ್ಟಿಯೂ ನೋಡಲಿಲ್ಲ. ಸರಿಯಾದ ಚಿಕಿತ್ಸೆ ಅಂದ್ರೆ ಹೇಗಿರಬೇಕು?

ಖರ್ಚಿಲ್ಲದ ಕೆಲಸಗಳೇ ಅದರಲ್ಲಿ ಜಾಸ್ತಿ. ಹೇಗೆ ಶುರುವಾಯಿತು, ಜ್ವರ ಇದೆಯಾ, ಮೂತ್ರ ಸರಿಯಾಗಿ ಹೋಗುತ್ತಿದೆಯಾ, ತೂಕ ಇಳಿದಿದೆಯಾ ಅಂತ ಕೇಳಬೇಕು. ಕಾಲಿಗೆ ನೋವು ಹರಿಯುತ್ತಿದ್ದರೆ ಮಲಗಿಸಿ ಕಾಲನ್ನು ನೆಟ್ಟಗೆ ಮೇಲೆತ್ತಿ ನೋಡಬೇಕು. ಹೆಬ್ಬೆರಳಿಗೆ ಬಲ ಇದೆಯಾ, ಹಿಮ್ಮಡಿ ಮೇಲೆ, ತುದಿಗಾಲ ಮೇಲೆ ನಡೆಯಲು ಆಗುತ್ತದಾ ಅಂತ ನೋಡಬೇಕು. ಹತ್ತು ನಿಮಿಷದ ಕೆಲಸ. ಆಮೇಲೆ ಇದು ಅಪಾಯದ್ದಲ್ಲ, ಓಡಾಡಿ, ಇಷ್ಟು ದಿನದಲ್ಲಿ ಕಡಿಮೆ ಆಗದಿದ್ದರೆ ಮತ್ತೆ ಬನ್ನಿ ಅಂತ ಹೇಳಬೇಕು. ನನ್ನ ಪ್ರಕಾರ ಮುಖ್ಯವಾದ ಔಷಧಿ ಆ ಕೊನೆಯ ಮಾತು.

ಇದು ನಮ್ಮೂರಿನ ಕೊರತೆ ಮಾತ್ರ ಅಲ್ಲ. ಆಸ್ಟ್ರೇಲಿಯಾದಲ್ಲಿ 22 ಬಗೆಯ ಕಾಯಿಲೆಗಳಿಗೆ ಸರಿಯಾದ ಆರೈಕೆ ಸಿಗುತ್ತಿದೆಯಾ ಅಂತ ರೋಗಿಗಳ ದಾಖಲೆ ತೆಗೆದು ಲೆಕ್ಕ ಹಾಕಿದರು. 2012ರಲ್ಲಿ ಅದು ಪ್ರಕಟವಾಯಿತು. ಒಟ್ಟಾರೆ ನೂರಕ್ಕೆ 57 ಸಲ ಮಾತ್ರ ಸರಿಯಾದ ಆರೈಕೆ ಸಿಕ್ಕಿತ್ತು. ಸೊಂಟ ನೋವಿಗೆ ಸ್ವಲ್ಪ ಮೇಲು, ನೂರಕ್ಕೆ 72. ಅಷ್ಟು ದುಡ್ಡಿರುವ ದೇಶದಲ್ಲೇ ಹೀಗೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬರೇ ಡಾಕ್ಟರು, ಹೊರಗೆ ಉದ್ದ ಸಾಲು. ಅವರನ್ನು ಬೈದು ಏನು ಪ್ರಯೋಜನ? ಆದರೆ "ಸಾರ್, ಕಾಲಿನ ಬಲ ಒಂದ್ಸಲ ನೋಡ್ತೀರಾ" ಅಂತ ಕೇಳಬಹುದು. ಕೇಳಿದರೆ ಬಹಳ ಮಂದಿ ನೋಡುತ್ತಾರೆ.

ಬೆಂಗಳೂರಲ್ಲಿರೋ ಮಗ ಎಂಆರ್‌ಐ ಮಾಡಿಸಿ ಅಂತ ದಿನಾ ಫೋನ್ ಮಾಡ್ತಾನೆ. ಮಾಡಿಸಿಬಿಡೋದೇ ಒಳ್ಳೇದಲ್ವಾ?

ಮಗನ ಕಾಳಜಿ ಅರ್ಥವಾಗುತ್ತದೆ. ದೂರದಲ್ಲಿರುವವರಿಗೆ ದುಡ್ಡು ಕಳಿಸುವುದು ಬಿಟ್ಟರೆ ಮಾಡಲು ಬೇರೇನೂ ಇರುವುದಿಲ್ಲ. ಆದರೆ ಚಿತ್ರ ತೆಗೆಸುವುದು ಚಿಕಿತ್ಸೆ ಬದಲಾಗುವ ಹಾಗಿದ್ದರೆ ಮಾತ್ರ. ಮೇಲೆ ಹೇಳಿದ ಅಪಾಯದ ಲಕ್ಷಣ ಇದ್ದರೆ ಇವತ್ತೇ ತೆಗೆಸಿ. ಕಾಲಿನ ಬಲ ಕಡಿಮೆ ಆಗುತ್ತಾ ಹೋದರೂ ತೆಗೆಸಿ. ಕಾಲು ನೋವು ಆರು ವಾರ ಕಳೆದರೂ ಬಗ್ಗದೆ, ಆಪರೇಷನ್ ಮಾತು ಬಂದರೂ ತೆಗೆಸಬೇಕು. ಇವು ಯಾವುವೂ ಇಲ್ಲದೆ ಮೊದಲ ವಾರವೇ ತೆಗೆಸಿದರೆ ಸಾವಿರಾರು ರೂಪಾಯಿ ಕೊಟ್ಟು ಒಂದು ಹೆದರಿಕೆಯನ್ನು ಮನೆಗೆ ತಂದ ಹಾಗೆ.

ರಿಪೋರ್ಟಲ್ಲಿ "ಎಲ್4-ಎಲ್5 ಡಿಸ್ಕ್ ಬಲ್ಜ್, ಸವೆತ" ಅಂತಿದೆ. ಗ್ಯಾಪ್ ಬಂದಿದೆ ಅಂದ್ರು. ಇನ್ನು ತೋಟದ ಕೆಲಸ ಮುಗೀತಾ?

ಮುಗಿದಿಲ್ಲ. ಎಲ್4, ಎಲ್5 ಅಂದರೆ ಸೊಂಟದ ನಾಲ್ಕನೇ, ಐದನೇ ಎಲುಬು, ಬಲ್ಜ್ ಅಂದರೆ ಉಬ್ಬು. 2015ರಲ್ಲಿ ಒಂದು ಲೆಕ್ಕ ಪ್ರಕಟವಾಯಿತು. ಸೊಂಟ ನೋವು ಇಲ್ಲವೇ ಇಲ್ಲ ಅನ್ನುವವರ ಸ್ಕ್ಯಾನ್‌ಗಳನ್ನು ಒಟ್ಟು ಹಾಕಿ ನೋಡಿದ್ದು. 20 ವರ್ಷದವರಲ್ಲೇ ನೂರಕ್ಕೆ 30 ಮಂದಿಗೆ ಡಿಸ್ಕ್ ಉಬ್ಬಿತ್ತು. 50 ವರ್ಷದವರಲ್ಲಿ ನೂರಕ್ಕೆ 60 ಮಂದಿಗೆ ಉಬ್ಬು, 80 ಮಂದಿಗೆ ಸವೆತ. ಇವರಿಗೆ ಯಾರಿಗೂ ನೋವಿರಲಿಲ್ಲ! ಕೂದಲು ನೆರೆತ ಹಾಗೆ ಡಿಸ್ಕೂ ನೆರೆಯುತ್ತದೆ.

"ಗ್ಯಾಪ್" ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎಲುಬಿನ ನಡುವೆ ಬಿರುಕು ಬಿಟ್ಟಿದೆ, ಬಗ್ಗಿದರೆ ಕಳಚಿಕೊಳ್ಳುತ್ತದೆ ಅಂತ ಜನ ತಿಳಿಯುತ್ತಾರೆ. ಹಾಗೆ ಏನೂ ಇಲ್ಲ. ಡಿಸ್ಕ್ "ಜಾರುವುದೂ" ಇಲ್ಲ, ಮೇಲೆ ಕೆಳಗೆ ಎರಡೂ ಎಲುಬಿಗೆ ಗಟ್ಟಿಯಾಗಿ ಅಂಟಿಕೊಂಡೇ ಇರುತ್ತದೆ. ಒಳಗಿನ ಮೆತ್ತನೆಯ ಭಾಗ ಹೊರಗೆ ಉಬ್ಬಬಹುದು, ಕೆಲವೊಮ್ಮೆ ಹೊರಬರಬಹುದು. ಹೊರಬಂದದ್ದನ್ನು ಎಷ್ಟೋ ಸಲ ದೇಹವೇ ತಿಂಗಳುಗಳಲ್ಲಿ ಕರಗಿಸಿಕೊಳ್ಳುತ್ತದೆ.

ಸೂಜಿ ಹಾಕಿಸ್ಕೊಂಡ್ರೆ ನಾಳೆನೇ ಕೆಲಸಕ್ಕೆ ಹೋಗಬಹುದು. ಕೂಲಿ ತಪ್ಪಿಸ್ಕೊಂಡು ಕೂರೋಕಾಗುತ್ತಾ ನಮಗೆ?

ಕೂಲಿ ತಪ್ಪಿದರೆ ಮನೆ ನಡೆಯುವುದಿಲ್ಲ ಅನ್ನುವವರಿಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ಒಂದು ಸೂಜಿಯಿಂದ ಪ್ರಪಂಚ ಮುಳುಗುವುದಿಲ್ಲ. ಆದರೆ ಡೈಕ್ಲೋಫೆನಾಕ್ ಅನ್ನುವ ನೋವಿನ ಸೂಜಿಯಲ್ಲಿ ಇರುವುದೂ ಮಾತ್ರೆಯಲ್ಲಿ ಇರುವುದೂ ಒಂದೇ ಔಷಧಿ. ಊಟದ ಮೇಲೆ ಮಾತ್ರೆಯನ್ನು ನಾಲ್ಕೈದು ದಿನ ತೆಗೆದುಕೊಂಡರೆ ಅಷ್ಟೇ ಕೆಲಸ ಆಗುತ್ತದೆ. ತೊಂದರೆ ಆಗುವುದು ವಾರಗಟ್ಟಲೆ ನುಂಗಿದಾಗ.

ನನ್ನ ಚಿಕ್ಕಪ್ಪ ಕೊಯ್ಲಿನ ಕಾಲದಲ್ಲಿ ಎರಡು ತಿಂಗಳು ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುತ್ತಿದ್ದರು. ಯಾರ ಚೀಟಿಯೂ ಇಲ್ಲ. ಒಂದು ಬೆಳಿಗ್ಗೆ ಮಲ ಟಾರಿನ ಹಾಗೆ ಕಪ್ಪಗೆ ಹೋಯಿತು. ಹೊಟ್ಟೆಯ ಹುಣ್ಣು ಒಡೆದು ರಕ್ತ ಸೋರುತ್ತಿತ್ತು. ನಾನಾಗ ಕಾಲೇಜಿನಲ್ಲಿ ಇದನ್ನೇ ಓದುತ್ತಿದ್ದೆ. ಮನೆಯಲ್ಲಿ ಅವರು ಏನು ನುಂಗುತ್ತಿದ್ದಾರೆ ಅಂತ ಒಂದು ದಿನವೂ ಕೇಳಿರಲಿಲ್ಲ. ಕಿಡ್ನಿ, ಬಿಪಿ, ಹೃದಯದ ತೊಂದರೆ ಇರುವವರು ಈ ಮಾತ್ರೆಗಳನ್ನು ಡಾಕ್ಟರ್ ಕೇಳದೆ ಮುಟ್ಟಲೇಬಾರದು.

ಪ್ಯಾರಸಿಟಮಾಲ್? ಹೊಸ ಸೊಂಟ ನೋವಿಗೆ ಅದು ಸಕ್ಕರೆ ಗುಳಿಗೆಗಿಂತ ಮೇಲಲ್ಲ ಅಂತ 2014ರ ಆಸ್ಟ್ರೇಲಿಯಾದ ಅಧ್ಯಯನ ತೋರಿಸಿತು. ಟ್ರಮಡಾಲ್ ಥರದವು ಅಫೀಮಿನ ಬಳಗದ ಔಷಧಿ. 2023ರಲ್ಲಿ ಅದೇ ಬಳಗದ ಮತ್ತೊಂದು ಔಷಧಿ ಕೊಟ್ಟು ಅಲ್ಲೇ ಪರೀಕ್ಷೆ ಮಾಡಿದರು, ಅದರದ್ದೂ ಅದೇ ಕಥೆ. ಹೆಸರು, ಲೇಬಲ್ ಇಲ್ಲದ ಪೊಟ್ಟಣದ ಪುಡಿ ಕೊಟ್ಟು ಮೂರು ದಿನದಲ್ಲಿ ನೋವು ಮಾಯ ಅನ್ನುವವರ ಬಗ್ಗೆ ಎಚ್ಚರ. ಅಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಉಂಟು.

ಬೆಲ್ಟ್ ಕಟ್ಟಬೇಕಾ?

ಬೇಡ. ಬಸ್ಸಿನಲ್ಲಿ ಹೋಗುವಾಗ ಧೈರ್ಯಕ್ಕೆ ಬೇಕು ಅನಿಸಿದರೆ ಒಂದೆರಡು ದಿನ ಕಟ್ಟಿಕೊಳ್ಳಿ.

## ನಮ್ಮ ಕೆಲಸ, ನಮ್ಮ ಸೊಂಟ

ಅಡಿಕೆ ಸುಲಿಯೋ ಕಾಲದಲ್ಲಿ ರಾತ್ರಿ ಹತ್ತರ ತನಕ ಕೂತೇ ಇರ್ತೀವಿ. ನೆಟ್ಟಗೆ ಕೂರಿ ಅಂತಾರೆ. ನೆಟ್ಟಗೆ ಕೂತು ಅಡಿಕೆ ಸುಲಿಯೋಕಾಗುತ್ತಾ ಮಾರಾಯ್ರೆ?

ಆಗುವುದಿಲ್ಲ. ಹೇಳಿದವರು ಕತ್ತಿಯ ಮುಂದೆ ಕೂತಿರಲಿಕ್ಕಿಲ್ಲ. ನೆಟ್ಟಗೆ ಕೂರುವುದೇ ಸರಿ, ಬಗ್ಗಿ ಕೂರುವುದು ತಪ್ಪು ಅಂತ ಹೇಳಲು ಗಟ್ಟಿ ಆಧಾರವೂ ಇಲ್ಲ. ಹೇಗೇ ಕೂರಿ, ಮೂರು ಗಂಟೆ ಒಂದೇ ಥರ ಕೂತರೆ ಸೊಂಟ ಕೇಳುವುದಿಲ್ಲ.

ನಮ್ಮಮ್ಮ ಒಂದು ಉಪಾಯ ಮಾಡಿಕೊಂಡಿದ್ದಳು. ಸುಲಿದದ್ದನ್ನು ಹಾಕಲು ಚಿಕ್ಕ ಬುಟ್ಟಿ ಇಟ್ಟುಕೊಳ್ಳುವುದು. ಬೇಗ ತುಂಬುತ್ತದೆ, ಸುರಿಯಲು ತಾನೇ ಎದ್ದು ಹೋಗಬೇಕು. ಅರ್ಧ ಗಂಟೆಗೊಮ್ಮೆ ಏಳುತ್ತಿದ್ದಳು. ಕೆಲಸ ತಪ್ಪಿಸುತ್ತಾಳೆ ಅಂತ ಯಾರೂ ಅನ್ನುವ ಹಾಗೂ ಇರಲಿಲ್ಲ! ಅವಳಿಗೆ ಯಾವ ಫಿಸಿಯೋ ಹೇಳಿಕೊಟ್ಟಿರಲಿಲ್ಲ. ನಾನು ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಒಂದು ದಿನ ಮಣೆ, ಇನ್ನೊಂದು ದಿನ ಎತ್ತರದ ಸ್ಟೂಲು ಮಾಡಿ ನೋಡಿ. ಹಸಿ ಅಡಿಕೆ ರಾಶಿ ಕೈಗೆ ಸಿಗುವಷ್ಟು ಹತ್ತಿರ ಇರಲಿ. ಎದ್ದಾಗ ಎರಡೂ ಕೈ ಸೊಂಟದ ಮೇಲಿಟ್ಟು ಹಿಂದಕ್ಕೆ ಐದಾರು ಸಲ ಬಾಗಿ. ಕೆಲಸ ಮಾಡಿಸುವ ಯಜಮಾನರು ಚಹಾವನ್ನು ಕೂತಲ್ಲಿಗೇ ಕಳಿಸಬೇಡಿ, ಅಡುಗೆ ಮನೆ ಬಾಗಿಲಿಗೆ ಕರೆಯಿರಿ.

ಬಗ್ಗಬೇಡಿ, ಭಾರ ಎತ್ತಬೇಡಿ ಅಂತ ಬರೆದುಕೊಟ್ಟಿದ್ದಾರೆ. ಬಗ್ಗದೆ ಸಸಿ ನೆಡೋದು ಹೇಗೆ?

ಆ ಚೀಟಿಯನ್ನು ಮಡಚಿ ಇಟ್ಟುಬಿಡಿ. ಬಗ್ಗುವುದಕ್ಕೆಂದೇ ಸೊಂಟ ಇರುವುದು. ನೋವು ಹೊಸದಿದ್ದಾಗ ಕೆಲವು ದಿನ ಕಡಿಮೆ ಬಗ್ಗಿ, ಆಮೇಲೆ ನಿಧಾನ ಶುರು ಮಾಡಿ. ಸರಿಯಾಗಿ ಎತ್ತುವುದು ಹೇಗೆ ಅಂತ ಪಾಠ ಮಾಡಿದರೆ ಸೊಂಟ ನೋವು ತಪ್ಪುತ್ತದೆ ಅಂತ ಬಹಳ ವರ್ಷ ನಂಬಿದ್ದೆವು. ಪರೀಕ್ಷೆ ಮಾಡಿ ನೋಡಿದಾಗ ಪಾಠ ಒಂದರಿಂದಲೇ ತಪ್ಪಲಿಲ್ಲ. ಮೈಗೆ ಅಭ್ಯಾಸ ಬೇಕು. ನಮ್ಮಲ್ಲಿ ಜೋರು ಮಳೆಯ ತಿಂಗಳು ಮೈ ಸುಮ್ಮನಿರುತ್ತದೆ. ಮಳೆ ಒಂದು ದಿನ ಹೊಳವಾದ ಕೂಡಲೇ ಅಡಿಕೆಗೆ ಕೊಳೆ ರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣದ ಡ್ರಮ್ಮು, ಪಂಪು, ಪೈಪು ಎಲ್ಲ ಹೊತ್ತು ಗುಡ್ಡ ಹತ್ತುತ್ತೇವೆ. ಹಿಡಿಯದೆ ಇರುತ್ತದಾ? ಎರಡು ವಾರ ಮುಂಚೆಯೇ ಅರ್ಧ ಕೊಡ ನೀರು ಎತ್ತಿ ಇಳಿಸುವುದರಿಂದ ಶುರು ಮಾಡಿ, ಪೂರ್ತಿ ಕೊಡಕ್ಕೆ ಬನ್ನಿ. ಜಿಮ್ಮಿಗೆ ಹೋಗುವವರು ಮಾಡುವುದೂ ಇದನ್ನೇ.

ವಾರಕ್ಕೆ ಮೂರು ಸಲ ಕರೆಂಟ್ ಇಡಿಸ್ಕೊಳ್ಳೋಕೆ ಶಿವಮೊಗ್ಗಕ್ಕೆ ಬರಬೇಕಾ? ಬಸ್ಸಲ್ಲಿ ಹೋಗಿ ಬರೋದ್ರಲ್ಲೇ ನೋವು ಜಾಸ್ತಿ ಆಗುತ್ತೆ.

ಬರಬೇಡಿ. ಇದನ್ನು ಬರೆದರೆ ನನ್ನ ಜೊತೆಯವರಿಗೇ ಬೇಸರ ಆಗಬಹುದು. ಹಳೆಯ ಸೊಂಟ ನೋವಿಗೆ ಯಂತ್ರದ ಹಗುರ ಕರೆಂಟು, ಚಿಕಿತ್ಸೆಯ ಅಲ್ಟ್ರಾಸೌಂಡ್, ಸೊಂಟ ಎಳೆಯುವುದು, ಬೆಲ್ಟು ಇವನ್ನು ದಿನವಹಿ ಚಿಕಿತ್ಸೆಯಾಗಿ ಕೊಡುವುದು ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ಹೇಳಿತು. ನಾನೂ ಮೊದಲ ವರ್ಷಗಳಲ್ಲಿ ಎಲ್ಲರಿಗೂ ಯಂತ್ರ ಹಚ್ಚಿ ಇಪ್ಪತ್ತು ನಿಮಿಷ ಮಲಗಿಸುತ್ತಿದ್ದೆ. ಜನರಿಗೂ ಅದೇ ಇಷ್ಟ. ಬರಿಗೈಯಲ್ಲಿ ವ್ಯಾಯಾಮ ಹೇಳಿಕೊಟ್ಟರೆ "ಇಷ್ಟೇನಾ?" ಅಂತಾರೆ.

ಎರಡು ಮೂರು ಸಲ ಬಂದು ನಿಮ್ಮ ಮೈಗೆ ಹೊಂದುವ ವ್ಯಾಯಾಮ ಕಲಿತುಕೊಳ್ಳಿ. ಆಮೇಲೆ ಫೋನಿನಲ್ಲಿ ವಿಚಾರಿಸಿದರೆ ಸಾಕು. ಜೊತೆಗೆ ನಡೆಯಿರಿ. ಸೊಂಟ ನೋವು ಬಂದು ಹೋದವರಿಗೆ ನಡಿಗೆ ಅಭ್ಯಾಸ ಮಾಡಿಸಿದ ಆಸ್ಟ್ರೇಲಿಯಾದ ಅಧ್ಯಯನ 2024ರಲ್ಲಿ ಬಂತು. ವಾರಕ್ಕೆ ಐದು ದಿನ, ಅರ್ಧ ಗಂಟೆ ತನಕ ನಿಧಾನ ಏರಿಸಿದರು. ಸುಮ್ಮನಿದ್ದವರಲ್ಲಿ ಅರ್ಧ ಮಂದಿಗೆ ನೋವು ಮತ್ತೆ ಬರಲು 112 ದಿನ ಹಿಡಿದರೆ ನಡೆದವರಲ್ಲಿ ಅದಕ್ಕೆ 208 ದಿನ. ತೋಟದಲ್ಲಿ ಓಡಾಡುತ್ತೀವಲ್ಲ ಅಂತೀರಿ, ಅದು ನಿಂತು ನಿಂತು ನಡೆಯುವುದು. ರಸ್ತೆಯಲ್ಲಿ ಒಂದೇ ಸಮ ನಡೆಯಬೇಕು. ಮಳೆಗಾಲದಲ್ಲಿ ಇಂಬಳದ (ಜಿಗಣೆಯ) ಕಾಟ ಅನ್ನುವವರು ಮನೆಯ ಜಗಲಿಯಲ್ಲೇ ಆ ಕಡೆ ಈ ಕಡೆ ನಡೆಯಿರಿ.

## ಹಳೆಯ ನೋವು, ದೊಡ್ಡ ನಿರ್ಧಾರ

ಐದು ವರ್ಷದಿಂದ ನೋವಿದೆ. ರಿಪೋರ್ಟ್ ಎಲ್ಲ ನಾರ್ಮಲ್. "ನಿಮ್ಮದು ಮನಸ್ಸಿನದು" ಅಂದ್ಬಿಟ್ರು. ನಾನು ಸುಳ್ಳು ಹೇಳ್ತೀನಾ?

ಇಲ್ಲ. ನೋವು ನಿಜ. ಚಿತ್ರದಲ್ಲಿ ನೋವು ಕಾಣುವುದಿಲ್ಲ, ಅಷ್ಟೇ. ಬಹಳ ದಿನ ನೋವು ಇದ್ದರೆ ನರಗಳು ಮನೆ ಕಾಯುವ ನಾಯಿಯ ಹಾಗೆ ಆಗುತ್ತವೆ. ಮೊದಲು ಕಳ್ಳನಿಗೆ ಬೊಗಳುತ್ತಿದ್ದದ್ದು ಆಮೇಲೆ ಪೋಸ್ಟ್‌ಮ್ಯಾನಿಗೂ ಬೊಗಳುತ್ತದೆ. ನಿದ್ದೆ ಕೆಟ್ಟರೆ, ಸಾಲದ ಚಿಂತೆ ಇದ್ದರೆ, ಮನೆಯಲ್ಲಿ ಯಾರೂ ನಂಬದಿದ್ದರೆ ಬೊಗಳುವುದು ಇನ್ನೂ ಜಾಸ್ತಿ. ಅದಕ್ಕೇ ಇಂಥ ನೋವಿಗೆ ವ್ಯಾಯಾಮದ ಜೊತೆ ನಿದ್ದೆಯ ವಿಚಾರ, ಬೇಜಾರಿನ ವಿಚಾರ ಮಾತಾಡಲೇಬೇಕು. ಮಾನಸಿಕ ವೈದ್ಯರ ಹತ್ತಿರ ಕಳಿಸಿದರೆ ಹುಚ್ಚು ಅಂತ ಅರ್ಥ ಅಲ್ಲ.

ನನಗೆ 26. ಬೆಳಿಗ್ಗೆ ಏಳುವಾಗ ಸೊಂಟ ಕಟ್ಟಿಗೆ ಥರ ಇರುತ್ತೆ, ಓಡಾಡಿದ್ಮೇಲೆ ಸರಿಯಾಗುತ್ತೆ. ಮೂರು ವರ್ಷ ಆಯ್ತು.

ನಿಮ್ಮದು ಬೇರೆ ಗುಂಪು ಇರಬಹುದು. 45ರ ಒಳಗೆ ಶುರುವಾಗಿ ಮೂರು ತಿಂಗಳು ದಾಟಿದ ನೋವು, ಬೆಳಗಿನ ಬಿಗಿತ ಅರ್ಧ ಗಂಟೆಗಿಂತ ಹೆಚ್ಚು, ಮಲಗಿದರೆ ಜಾಸ್ತಿ, ಓಡಾಡಿದರೆ ಕಡಿಮೆ, ಬೆಳಗಿನ ಜಾವ ನೋವಿಗೇ ಎಚ್ಚರ. ಇವು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಅನ್ನುವ ವಾತದ ಗುರುತು. ಮಧ್ಯೆ ಕಣ್ಣು ಕೆಂಪಾಗಿ ನೋವು ಬಂದಿದ್ದರೆ ಅನುಮಾನ ಇನ್ನೂ ಗಟ್ಟಿ. ಇದನ್ನು ಉಳುಕು, ಡಿಸ್ಕು ಅಂತ ವರ್ಷಗಟ್ಟಲೆ ತಳ್ಳಿಬಿಡುತ್ತಾರೆ. ಅಷ್ಟರಲ್ಲಿ ಬೆನ್ನುಮೂಳೆಗಳು ಬೆಸೆದುಕೊಳ್ಳಬಹುದು. ಕೀಲುವಾತದ ತಜ್ಞರನ್ನೇ ಕಾಣಿ. ಇದಕ್ಕೆ ಒಳ್ಳೆಯ ಔಷಧಿಗಳಿವೆ.

ನೋವು ತೊಡೆ ಹಿಂದಿನಿಂದ ಪಾದದ ತನಕ ಎಳೆಯುತ್ತೆ. ಆಪರೇಷನ್ ಮಾಡಿಸದಿದ್ರೆ ಕಾಲು ಹೋಗುತ್ತೆ ಅಂದ್ರು.

ಇದು ಸಯಾಟಿಕಾ, ಅಂದರೆ ಸೊಂಟದ ನರ ಕೆರಳಿ ಕಾಲಿಗೆ ಇಳಿಯುವ ನೋವು. ಬರೀ ನೋವಿದ್ದು ಬಲ ಸರಿಯಿದ್ದರೆ ಕಾಲು ಹೋಗುವುದಿಲ್ಲ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರದಲ್ಲಿ ಇಳಿಯುತ್ತದೆ. 2007ರಲ್ಲಿ ನೆದರ್‌ಲ್ಯಾಂಡ್ಸಿನವರು ಅರ್ಧ ಮಂದಿಗೆ ಬೇಗ ಆಪರೇಷನ್ ಮಾಡಿದರು, ಉಳಿದವರನ್ನು ಕಾಯಿಸಿದರು. ಮಾಡಿಸಿಕೊಂಡವರ ಕಾಲು ನೋವು ಬೇಗ ಹೋಯಿತು, ಅದು ನಿಜ. ಆದರೆ ಒಂದು ವರ್ಷದ ಹೊತ್ತಿಗೆ ಎರಡೂ ಗುಂಪಿನಲ್ಲಿ ನೂರಕ್ಕೆ 95 ಮಂದಿ ಚೇತರಿಸಿಕೊಂಡಿದ್ದರು. ಕಾದವರಲ್ಲಿ ನೂರಕ್ಕೆ 39 ಮಂದಿ ತಡೆಯಲಾಗದೆ ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು ಅನ್ನುವುದನ್ನೂ ಹೇಳಬೇಕು. ಹಾಗಾಗಿ ನೋವು ಎಷ್ಟು ತಡೆದೀತು, ಕೊಯ್ಲಿಗೆ ಎಷ್ಟು ದಿನ ಇದೆ, ನೋಡಿಕೊಳ್ಳಲು ಮನೆಯಲ್ಲಿ ಯಾರಿದ್ದಾರೆ, ಇದೆಲ್ಲ ಯೋಚಿಸಿ ನೀವೇ ನಿರ್ಧಾರ ಮಾಡಬಹುದು. ಕಾಲಿಗೆ ಏನೂ ಇಳಿಯದೆ ಬರೀ ಸೊಂಟ ನೋವಿದ್ದು ಆಪರೇಷನ್ ಅಂದರೆ ಮಾತ್ರ ಇನ್ನೊಬ್ಬರ ಅಭಿಪ್ರಾಯ ಕೇಳದೆ ಒಪ್ಪಬೇಡಿ. ಪಾದ ಎತ್ತಲು ಆಗದೆ ಚಪ್ಪಲಿ ಜಾರುತ್ತಿದ್ದರೆ ಅದು ಬೇರೆ ಲೆಕ್ಕ, ಆ ವಾರವೇ ತೋರಿಸಿ.

ಇದಕ್ಕೆಲ್ಲ ಮಣಿಪಾಲಕ್ಕೇ ಹೋಗಬೇಕಾ? ಸರ್ಕಾರಿ ಆಸ್ಪತ್ರೆಲಿ ಆಗುತ್ತಾ?

ಹೊಸ ನೋವಿಗೆ ನಿಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು. ಮೂಳೆ ಡಾಕ್ಟರು, ಎಕ್ಸ್‌ರೇ ಬೇಕಾದರೆ ತಾಲ್ಲೂಕು ಆಸ್ಪತ್ರೆ. ಅಲ್ಲಿಂದ ಮುಂದೆ ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆ. ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಲೇಬೇಕಾದವರು ಕಡಿಮೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಉಚಿತ ಚಿಕಿತ್ಸೆ ಇದೆ. ಆದರೆ ತುರ್ತು ಅಲ್ಲದ ಆಪರೇಷನ್ನಿಗೆ ನೇರ ಖಾಸಗಿ ಆಸ್ಪತ್ರೆಗೆ ಹೋದರೆ ನಡೆಯುವುದಿಲ್ಲ, ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರಲ್ ಚೀಟಿ ಬೇಕು. ಚೀಟಿ ಇಲ್ಲದೆ ಹೋಗಿ ವಾಪಸ್ ಬಂದವರನ್ನು ನೋಡಿದ್ದೇನೆ, ಒಂದು ದಿನದ ಕೂಲಿಯೂ ಹೋಯಿತು, ಬಸ್ ಚಾರ್ಜೂ ಹೋಯಿತು. ಹೋಗುವಾಗ ಹಳೆಯ ಎಕ್ಸ್‌ರೇ, ಸ್ಕ್ಯಾನ್, ನುಂಗುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್ಪು, ರೇಷನ್ ಕಾರ್ಡು, ಆಧಾರ್ ಎಲ್ಲ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಳ್ಳಿ. ಮಳೆಗಾಲದಲ್ಲಿ ಎರಡು ಕವರು.